ಚೇಂಬರಿನ ಬಾಯಿಗೆ ಕುರ್ಚಿ ಹಾಕಿದವರು

ನಮ್ಮ ಮೇಡಂ ಅವರ ಕೆಳತುಟಿ ಎಡಕ್ಕೆ ಸೊಟ್ಟಗಾಯಿತು ಅಂದರೆ ಎದುರಿಗಿದ್ದವನ ಕಥೆ ಮುಗಿಯಿತು ಅಂತಲೇ ಅರ್ಥ. ಬಯ್ಯುತ್ತಿರಲಿಲ್ಲ, ದನಿ ಏರಿಸುತ್ತಿರಲಿಲ್ಲ. ಕಾಲಿಗೆ ಮೆತ್ತಿದ ಸಗಣಿಯನ್ನು ನೋಡುವ ಹಾಗೆ ಒಮ್ಮೆ ನೋಡುತ್ತಿದ್ದರು, ಅಷ್ಟೆ. ಕಂಟ್ರಾಕ್ಟರುಗಳು, ವಾರ್ಡಿನ ಮುಖಂಡರು, ನಮ್ಮ ದೊಡ್ಡ ಸಾಹೇಬರು, ಎಲ್ಲರಿಗೂ ಆ ನೋಟ ಸಿಕ್ಕಿದೆ. ನನಗಂತೂ ದಿನಾ ಸಿಗುತ್ತಿತ್ತು.

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಒಳಚರಂಡಿ ಕೆಲಸ ಆಗ ಅವರ ಕೈಯಲ್ಲಿತ್ತು. ನಾನು ಅವರ ಕೈಕೆಳಗೆ ಕಿರಿಯ ಇಂಜಿನಿಯರಾಗಿ ಸೇರಿದವನು. ಅವರು ಚಿಕ್ಕರಸಿನಕೆರೆ ಕಡೆಯ ಬೇಸಾಯಗಾರರ ಮನೆಯ ಮಗಳು. ನೂಲಿನ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿ, ಕಾಲಿಗೆ ಗಂಡಸರ ಗಮ್ ಬೂಟು ಹಾಕಿಕೊಂಡು ರಸ್ತೆಗೆ ಇಳಿಯುತ್ತಿದ್ದರು. ಯಾವತ್ತೂ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದನ್ನು ನಾನು ಕಾಣೆ. ಕರ್ಚೀಫು ಹಿಡಿದು ತಪಾಸಣೆಗೆ ಬಂದ ಸಾಹೇಬರೊಬ್ಬರನ್ನು ತೋರಿಸಿ ನನಗೆ, "ಇವ್ರ ಮನೆ ಕಕ್ಕಸ್ಸಲ್ಲಿ ಗಂಧದೆಣ್ಣೆ ಅರೀತದಾ ಕೇಳಯ್ಯ" ಅಂದಿದ್ದರು. ಸಾಹೇಬರಿಗೂ ಕೇಳಿಸುವ ಹಾಗೆಯೇ ಅಂದಿದ್ದರು.

ನಾನು ಸೇರಿದ ಹೊಸತು. ಮದ್ದೂರಿನ ಒಂದು ಇಕ್ಕಟ್ಟಾದ ಬೀದಿಯಲ್ಲಿ ಕೊಳಚೆ ಪೈಪು ಒಡೆದಿತ್ತು. ನಕ್ಷೆ ನೋಡಿ ರಸ್ತೆಯ ಮೇಲೆ ಸುಣ್ಣದಲ್ಲಿ ಗೆರೆ ಎಳೆದೆ. ನೀರು ಬಿಡುವ ಹಳೇ ವಾಲ್ವ್‌ಮನ್ ಕೂಡ ಅದೇ ಗೆರೆಯ ಮೇಲೆ ಹಿಮ್ಮಡಿ ಕುಟ್ಟಿ, "ಇಲ್ಲೇ ಕಣಮ್ಮ ಪೈಪಿರಾದು. ನನ್ ತಲೆ ಬೆಳ್ಳಗಾಗಿದ್ದೇ ಈ ಬೀದೀಲಿ" ಅಂದ. ಜೆಸಿಬಿಯವನು ಬಕೆಟ್ಟು ಎತ್ತಿದ. ಮೇಡಂ ಕೈ ಅಡ್ಡ ಹಿಡಿದು ನಿಲ್ಲಿಸಿದರು. ಮೊದಲು ಕೈಯಲ್ಲೇ ಒಂದು ಪರೀಕ್ಷಾ ಗುಂಡಿ ತೋಡಬೇಕು ಅಂದರು. ಬೀದಿಯವರು ಗೊಣಗಿದರು, ಕಂಟ್ರಾಕ್ಟರು ಹೊತ್ತಾಯಿತು ಅಂದ. ಅವರು ಯಾರ ಮುಖವನ್ನೂ ನೋಡಲಿಲ್ಲ.

ಮೊಣಕಾಲುದ್ದ ತೋಡುವಷ್ಟರಲ್ಲಿ ಸಾಲು ಇಟ್ಟಿಗೆ ಸಿಕ್ಕಿತು. ಇಟ್ಟಿಗೆ ಸರಿಸಿದರೆ ಅಡಿಯಲ್ಲಿ ಮರಳು, ಮರಳಿನೊಳಗೆ ತೋಳಿನಷ್ಟು ದಪ್ಪದ ಕರೆಂಟಿನ ಕೇಬಲ್ಲು. ಕೊಳಚೆ ಪೈಪು ಇದ್ದದ್ದು ರಸ್ತೆಯ ಆಚೆ ಬದಿಯಲ್ಲಿ, ಅಂಗಡಿಗಳ ಮೆಟ್ಟಿಲ ಅಡಿ.

ಮೇಡಂ ತುಟಿ ಸೊಟ್ಟಗಾಯಿತು. "ಒಬ್ಬ ಓದಿರೋನು, ಒಬ್ಬ ಅನುಭವಸ್ಥ. ಇಬ್ರೂ ಸೇರ್ಕಂಡು ಆ ಜೆಸಿಬಿಯೋನ್ನ ಸುಟ್ಟಾಕ್ತಿದ್ರಿ. ಗೊತ್ತಿಲ್ಲ ಅನ್ನಕ್ಕೆ ನಿಮ್ಗೆಲ್ಲಾ ಏನಯ್ಯಾ ರೋಗ?"

ಆ ಬೀದಿಯ ತುಂಬಾ ಜನ ನೋಡುತ್ತಿದ್ದರು. ಅವತ್ತು ನಾನು ಅವರನ್ನು ಮನಸಾರೆ ದ್ವೇಷಿಸಿದೆ. ಬಹಳ ದಿನ ದ್ವೇಷಿಸಿದೆ. ಆ ದ್ವೇಷ ಕರಗಿದ್ದು ಮಳವಳ್ಳಿಯಲ್ಲಿ, ಒಂದು ಮದುವೆ ದಿನ.

ಊರಾಚೆಯ ಕಲ್ಯಾಣ ಮಂಟಪ ಅದು. ಅದರ ಓನರು ಬಿಳಿ ಪಂಚೆ, ಬೆರಳಿಗೊಂದು ಉಂಗುರದ ಆಸಾಮಿ. ಮುಂದಿನ ರಸ್ತೆಯ ಚೇಂಬರು, ಅಂದರೆ ಮ್ಯಾನ್‌ಹೋಲು, ಕಟ್ಟಿಕೊಂಡು ಕೊಳಚೆ ಹಿಂದಕ್ಕೆ ನುಗ್ಗಿ, ಊಟದ ಮನೆಯ ಕೈತೊಳೆಯುವ ಜಾಗದಲ್ಲಿ ಉಕ್ಕುತ್ತಿತ್ತು. ಒಳಗೆ ಧಾರೆ ನಡೆಯುತ್ತಿತ್ತು. ನಾವು ಹೋಗುವಷ್ಟರಲ್ಲಿ ಓನರು ಎಲ್ಲಿಂದಲೋ ಕೂಲಿಯವರೊಬ್ಬರನ್ನು ಕರೆಸಿ, ಮುಚ್ಚಳ ತೆಗೆಸಿ, ಸೊಂಟಕ್ಕೆ ಹಗ್ಗ ಕಟ್ಟಿಸಿ ನಿಲ್ಲಿಸಿದ್ದ. ಆ ಮನುಷ್ಯ ಅಂಗಿ ಬಿಚ್ಚಿಯಾಗಿತ್ತು.

"ಹಗ್ಗ ಬಿಚ್ರಿ," ಅಂದರು ಮೇಡಂ.

"ಹತ್ತು ನಿಮಿಷದ್ ಕೆಲ್ಸ ಮೇಡಂ. ಇವನಿಗೆ ಅಭ್ಯಾಸ ಅದೆ. ಇಳಿ ಕಣ್ಲಾ ನೀನು," ಅಂದ ಓನರು.

"ಹತ್ತು ನಿಮಿಷದ್ದಾ? ಹಂಗಾದ್ರೆ ನೀವೇ ಇಳೀರಿ. ಹಗ್ಗ ನಾನ್ ಹಿಡ್ಕತೀನಿ."

ಅವನು ನಕ್ಕ, ತಮಾಷೆ ಅಂದುಕೊಂಡ. ಮೇಡಂ ನಗಲಿಲ್ಲ. ಅಷ್ಟರಲ್ಲಿ ಆ ಕೂಲಿಯವರೇ, "ನಂಗೇನಾಗಲ್ಲ ಬುಡಿ ಅವ್ವಾ, ಸ್ವಲ್ಪ ಎಣ್ಣೆ ಹಾಕಂಡಿವ್ನಿ" ಅಂದರು. ಮೇಡಂ ಹತ್ತಿರ ಹೋಗಿ ಹಗ್ಗದ ಗಂಟನ್ನು ತಾವೇ ಬಿಚ್ಚಿ, "ನೀವು ಬನ್ನಿ, ಆ ಮರದ ನೆಳ್ಳಲ್ಲಿ ಕೂತ್ಕೊಳಿ. ಊಟ ಮಾಡ್ದೇ ಹೋಗ್ಬೇಡಿ" ಅಂದರು. ಆ ದನಿಯನ್ನು ನಾನು ಮೊದಲು ಕೇಳಿರಲೇ ಇಲ್ಲ.

ಆಮೇಲೆ ವಿಷದ ಗ್ಯಾಸು ಅಳೆಯುವ ಸಣ್ಣ ಯಂತ್ರವನ್ನು ದಾರಕ್ಕೆ ಕಟ್ಟಿ ಚೇಂಬರಿಗೆ ಬಿಟ್ಟರು. ಮಾರುದ್ದ ಇಳಿಯುವ ಮೊದಲೇ ಅದು ಕಿರ್ರೋ ಅಂತ ಅರಚಿಕೊಂಡಿತು. ಮೇಲಿನ ಚೇಂಬರು, ಕೆಳಗಿನ ಚೇಂಬರು ಎರಡನ್ನೂ ತೆಗೆಸಿ ಗಾಳಿಯಾಡಲು ಬಿಟ್ಟರು. ಮಂಡ್ಯದಿಂದ ಜೆಟ್ಟಿಂಗ್ ಮಿಷನ್ನು ಬರಲಿ ಅಂತ ನನ್ನಿಂದ ಫೋನ್ ಮಾಡಿಸಿದರು. ಮಂಟಪದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಂದು, ಗಾಳಿ ಬರುವ ಕಡೆಗೆ, ಚೇಂಬರಿನ ಪಕ್ಕದಲ್ಲೇ ಹಾಕಿಕೊಂಡು ಕೂತುಬಿಟ್ಟರು.

ಗಂಡಿನ ಕಡೆಯವರು ಬಂದು ಕೂಗಾಡಿದರು. ಮದುವೆ ಕೆಡಿಸಿದವಳು ಅಂದರು. ಓನರು ಯಾರೋ ದೊಡ್ಡವರಿಗೆ ಫೋನ್ ಹಚ್ಚಿ ಮೊಬೈಲನ್ನು ಮೇಡಂ ಮುಂದೆ ಹಿಡಿದ. "ನನ್ ಕೈ ಕೊಳಕಾಗಿದೆ, ಸ್ಪೀಕರ್‌ಗಾಕಿ" ಅಂದರು. ಆ ಕಡೆಯ ದನಿ ಗಂಭೀರವಾಗಿ, ಸ್ವಲ್ಪ ಹೊಂದಿಕೊಂಡು ಹೋಗಿ, ಶುಭಕಾರ್ಯ, ಅಂತೆಲ್ಲ ಹೇಳಿತು.

"ಆಯ್ತು ಸಾರ್. ನೀವೂ ಬನ್ನಿ. ಇಲ್ಲಿ ಗುಂಡಿ ಮುಂದೆ ನಿಂತ್ಕಂಡು, ಇಳಿ ಅಂತ ಅವ್ರಿಗೆ ನೀವೇ ಬಾಯ್ಬುಟ್ ಹೇಳಿ."

ಫೋನು ಕಟ್ಟಾಯಿತು.

ನೆಂಟರಿಷ್ಟರು ಹೊರಗೆ ಶಾಮಿಯಾನದಡಿ ಉಂಡರು. ಯಾರೂ ಸಾಯಲಿಲ್ಲ, ಮದುವೆಯೂ ನಿಲ್ಲಲಿಲ್ಲ. ಮಧ್ಯಾಹ್ನ ಮಿಷನ್ನು ಬಂದು ರಭಸದ ನೀರು ಹೊಡೆದಾಗ ಚೇಂಬರಿನಿಂದ ಬಂದದ್ದು ಬಾಳೆಲೆಯ ಮುದ್ದೆ, ಪ್ಲಾಸ್ಟಿಕ್ ಲೋಟ, ನೆಲ ಒರೆಸುವ ಬಟ್ಟೆ. ಎಲ್ಲ ಅದೇ ಮಂಟಪದ ಕಸ. ಗುಡಿಸಿ ಎತ್ತುವ ಬದಲು ಅಲ್ಲಿಗೇ ತಳ್ಳಿಸುತ್ತಿದ್ದ ಪುಣ್ಯಾತ್ಮ. ಅದೇ ಕಸಕ್ಕೆ ಒಬ್ಬ ಮನುಷ್ಯನನ್ನು ಇಳಿಸಲು ಹೊರಟಿದ್ದ. ಮೇಡಂ ಅವನನ್ನು ಹತ್ತಿರ ಕರೆದು ಆ ರಾಶಿ ತೋರಿಸಿದರು. ಅವನು ಪಂಚೆ ಎತ್ತಿಕೊಂಡು, ಮೂಗು ಹಿಡಿದು ಒಳಗೆ ಹೋದ. ನಾನು ಅವತ್ತಿನಿಂದ ಉಂಗುರ ತೊಟ್ಟ ಬೆರಳುಗಳನ್ನು ನಂಬುವುದಿಲ್ಲ.

ಆ ದೊಡ್ಡ ದನಿ ಸುಮ್ಮನಿರಲಿಲ್ಲ. ಸ್ವಲ್ಪ ದಿನಕ್ಕೆ ಮೇಡಂಗೆ ವರ್ಗವಾಯಿತು. ರಸ್ತೆ ಮುಖ ಕಾಣದ, ಫ್ಯಾನಿನಡಿ ಕೂತು ಸಹಿ ಹಾಕುವ ಕುರ್ಚಿ. ಬಡ್ತಿ ಅಂತ ಅದಕ್ಕೆ ಹೆಸರು. ನಿವೃತ್ತಿಯವರೆಗೂ ಅಲ್ಲೇ ಇದ್ದರು, ಯಾರ ಬಾಗಿಲಿಗೂ ಹೋಗಿ ಬೇಡಲಿಲ್ಲ.

ಅವರು ತೀರಿಕೊಂಡಾಗ ನಮ್ಮ ಆಫೀಸಿನಲ್ಲಿ ಸಂತಾಪ ಸಭೆ ಮಾಡಿದರು. ವರ್ಗದ ಆದೇಶಕ್ಕೆ ಸಹಿ ಹಾಕಿದವರೇ ಮುಂದೆ ನಿಂತು, ಅವರದು ತಾಯಿಹೃದಯ, ಎಲ್ಲರೊಂದಿಗೂ ಹೊಂದಿಕೊಂಡು ಹೋಗುವ ಸ್ವಭಾವ ಅಂದರು. ನನಗೆ ನಗು ಬಂತು, ಆಮೇಲೆ ಹೇಸಿಗೆಯಾಯಿತು. ನನ್ನನ್ನೂ ಮಾತಾಡಿ ಅಂದರು. ನಾನು ಆಗುವುದಿಲ್ಲ ಅಂದೆ. ನನ್ನ ಹತ್ತಿರ ಹೇಳಲು ಇದ್ದದ್ದು ಒಂದೇ ಸಂಗತಿ, ಅದನ್ನು ಕೇಳುವ ಯೋಗ್ಯತೆ ಆ ಸಭೆಗಿರಲಿಲ್ಲ.

ಸಾಯುವ ಕೆಲವು ದಿನ ಮುಂಚೆ ಮಂಡ್ಯದ ಆಸ್ಪತ್ರೆಗೆ ಹೋಗಿ ಅವರನ್ನು ನೋಡಿದ್ದೆ. ಬಡಕಲಾಗಿದ್ದರು. ನನ್ನ ಕೈಯಲ್ಲಿದ್ದ ಮೂಸಂಬಿ ಚೀಲವನ್ನು, ಆಮೇಲೆ ನನ್ನನ್ನು ನೋಡಿದರು.

"ಕೆಲಸದ್ ಹೊತ್ನಲ್ಲಿ ಯಾಕಯ್ಯಾ ಬಂದೆ?"

"ರಜಾ ಹಾಕಿ ಬಂದಿದೀನಿ ಮೇಡಂ."

"ಈಗ್ಲೂ ಇಳಿಸ್ತಾವ್ರಾ?"

"ಇಳಿಸ್ತಾರೆ ಮೇಡಂ. ನಾವಿಲ್ಲದಾಗ, ಕದ್ದು ಇಳಿಸ್ತಾರೆ."

"ನಿನ್ ಮುಂದೆ?"

"ನನ್ ಮುಂದೆ ಇದುವರೆಗೂ ಒಬ್ರೂ ಇಳಿದಿಲ್ಲ."

ಅವರು ಕಣ್ಣು ಮುಚ್ಚಿದರು. ನಿದ್ದೆ ಬಂತೇನೋ ಅಂದುಕೊಂಡು ಹೊರಡಲು ತಿರುಗಿದೆ.

"ಕೂತ್ಕೊ," ಅಂದರು.

ಅಷ್ಟು ವರ್ಷದಲ್ಲಿ ಅವರು ನನಗೆ ಆ ಮಾತು ಅಂದದ್ದು ಅದೇ ಮೊದಲು. ಹಾಸಿಗೆ ಪಕ್ಕದ ಸ್ಟೂಲಿನ ಮೇಲೆ ಕೂತೆ. ನರ್ಸು ಬಂದು ಹೊತ್ತಾಯಿತು ಅನ್ನುವವರೆಗೂ ಕೂತಿದ್ದೆ.