ಹಳೆಯ ಕಣ್ಣಿನ ನೀಲಿ

ಒನೋಫ್ರೆ ಲುಸೇರೊ ಬದುಕಿದ್ದಷ್ಟು ಕಾಲ ಅವನ ಹೆಂಡತಿ ಸಿಪ್ರಿಯಾನಾ ಬಣ್ಣ ಹಾಕಿದ ಒಂದು ಲಡಿಯೂ ಅವನ ಕೊಂಕುಮಾತು ಕೇಳಿಸಿಕೊಳ್ಳದೆ ಮಗ್ಗ ಏರಿದ್ದಿಲ್ಲ. ಚಾಮಾ ನದಿಯ ದಂಡೆಯ ಆ ಹಳ್ಳಿಯಲ್ಲಿ ಅವರದು ನೇಕಾರರ ಮನೆ. ಕುರಿ ಅವನದು, ನೂಲು ಅವನದು. ಬಣ್ಣ ಮತ್ತು ಮಗ್ಗ ಅವಳದು. ಹಿಮ ಬಿದ್ದ ದಿನಗಳಲ್ಲೆಲ್ಲ ಅವನು ಒಲೆ ಪಕ್ಕ ಉಣ್ಣೆ ಹಿಂಜುತ್ತಾ ಚರಕ ತಿರುಗಿಸುತ್ತಾ ಕೂತಿರುತ್ತಿದ್ದ. ಬೇಸಿಗೆ ಬಂದು ಅವಳು ಅಂಗಳದ ಹಗ್ಗಕ್ಕೆ ಒದ್ದೆ ಲಡಿಗಳನ್ನು ಇಳಿಬಿಟ್ಟ ಕೂಡಲೇ ಹೊಸಿಲ ಮೇಲೆ ಬಂದು ನಿಲ್ಲುತ್ತಿದ್ದ.

"ಇದೇನು, ನೀಲಿನೋ ಬೂದಿನೋ? ಕುರಿ ನೋಡಿದ್ರೆ ನನ್ನ ಉಣ್ಣೆ ವಾಪಸ್ ಕೊಡು ಅನ್ನುತ್ತೆ."

"ಅಷ್ಟು ಗೊತ್ತಿದ್ರೆ ನೀನೇ ಬಂದು ಅದ್ದು."

"ನಾನು ಅದ್ದಿದ್ರೆ ಊರಲ್ಲಿ ನಿನ್ನನ್ನ ಯಾರು ಕೇಳ್ತಾರೆ?"

ಅವಳು ಗೊಣಗುತ್ತಾ ಲಡಿಯನ್ನು ಮತ್ತೆ ನೀಲಿಯ ತೊಟ್ಟಿಗೆ ಇಳಿಸುತ್ತಿದ್ದಳು. ಬಹಳ ಸಲ ಅವನು ಹೇಳಿದ್ದೇ ಸರಿ ಇರುತ್ತಿತ್ತು. ಅದನ್ನು ಅವಳು ಒಮ್ಮೆಯೂ ಬಾಯಿಬಿಟ್ಟು ಒಪ್ಪಿರಲಿಲ್ಲ.

ಒಂದು ವರ್ಷ ಕುರಿಗಳು ಮರಿ ಹಾಕುವ ಕಾಲದಲ್ಲಿ, ದೊಡ್ಡಿಯಲ್ಲಿಯೇ, ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮಕ್ಕಳಿಲ್ಲದ ಮನೆ. ಕುರಿಗಳನ್ನು ಅವನ ತಂಗಿ ದೆಲುಬಿನಾಳ ಗಂಡ ಹೊಡೆದುಕೊಂಡು ಹೋದ. ಉಣ್ಣೆ ಮಾತ್ರ ವರ್ಷ ವರ್ಷ ತಪ್ಪದೆ ಬರುತ್ತಿತ್ತು. ಸಿಪ್ರಿಯಾನಾ ಗಂಡನ ಚರಕದ ಮುಂದೆ ಕೂತು ನೂಲುವುದನ್ನು ತಾನೇ ಕಲಿತಳು. ಮೊದಮೊದಲು ಎಳೆ ಒಂದು ಕಡೆ ಹಗ್ಗ, ಒಂದು ಕಡೆ ಕೂದಲು. ಆಮೇಲೆ ಕೈ ಕೂತಿತು. ಬೆಳಿಗ್ಗೆ ನೀಲಿ ಜೋಳದ ಗಂಜಿ ಕುಡಿದು ಮಗ್ಗದ ಹಲಗೆ ತುಳಿಯಲು ನಿಂತರೆ ಬಿಸಿಲು ಹಿಂದಿನ ಕಿಟಕಿಗೆ ಬರುವವರೆಗೂ ಲಾಳಿಯ ಸದ್ದು ಬಿಟ್ಟು ಆ ಮನೆಯಲ್ಲಿ ಬೇರೆ ಸದ್ದಿಲ್ಲ. ಭಾನುವಾರ ಚರ್ಚಿನ ಪೂಜೆ ಮುಗಿಸಿಕೊಂಡು ದೆಲುಬಿನಾ ಬರುತ್ತಿದ್ದಳು. ಒಂದು ಪಾತ್ರೆ ಬೀನ್ಸು, ಎರಡು ಮಾತು. "ಹೇಗಿದ್ದೀರಿ ಅತ್ತಿಗೆ?" "ಇದ್ದೀನಮ್ಮ." ಮಗ್ಗದ ಕಡೆ ಒಮ್ಮೆ ಕಣ್ಣು ಹಾಯಿಸಿ, "ಚೆನ್ನಾಗಿದೆ," ಅಂದು ಹೋಗುತ್ತಿದ್ದಳು. ಊರಿನ ಇತರರು ಅಷ್ಟೂ ಬರುತ್ತಿರಲಿಲ್ಲ. ಅದೇಕೆಂದು ಸಿಪ್ರಿಯಾನಾ ಯೋಚಿಸಿದ್ದುಂಟು. ಗಂಡ ಹೋದವಳ ಮನೆ, ಕಾಫಿಗೆ ಕರೆಯುವ ಗಲಾಟೆಯವನೇ ಇಲ್ಲ, ಯಾಕಾದರೂ ಬಂದಾರು ಅಂದುಕೊಂಡು ಸುಮ್ಮನಾಗಿದ್ದಳು.

ಈ ನಡುವೆ ನೀಲಿ ಕೈಕೊಡತೊಡಗಿತು. ಎಷ್ಟು ಅದ್ದಿದರೂ ಲಡಿ ಮಂಕು, ಮೇಲೆ ಹಾಲಿನ ಕೆನೆ ಕಟ್ಟಿದಂತೆ. ಅಂಗಡಿಯವನು ಕಲಬೆರಕೆ ನೀಲಿ ಕೊಡುತ್ತಿದ್ದಾನೆ ಅಂದುಕೊಂಡಳು. ಇನ್ನೊಮ್ಮೆ ಅದ್ದಿದಳು, ಮತ್ತೊಮ್ಮೆ ಅದ್ದಿದಳು. ಗುಡ್ಡದ ಮೇಲೆ ಬಿಡುವ ಚಮೀಸಾ ಹೂವಿನ ಹಳದಿಯೂ ಹಾಗೆಯೇ ಆಯಿತು. ಹಿಂದೆ ಒಂದು ಬುಟ್ಟಿ ಹೂ ಸಾಕಾಗುತ್ತಿದ್ದ ಕಡೆ ಈಗ ಮೂಟೆಗಟ್ಟಲೆ ಕುದಿಸುತ್ತಿದ್ದಳು. ಕೊನೆಗೊಂದು ದಿನ ಸೂಜಿಗೆ ದಾರ ಪೋಣಿಸಲು ಆಗದೆ, ಒಲೆಯ ಮೇಲೆ ಕರ್ರಗೆ ಸುಟ್ಟ ತೋರ್ತಿಯಾ ರೊಟ್ಟಿಯನ್ನು ಸುಟ್ಟಿಲ್ಲವೆಂದು ದೆಲುಬಿನಾಳ ತಟ್ಟೆಗೆ ಹಾಕಿದಾಗ, ನಾದಿನಿ ಅವಳನ್ನು ಕಾರಿಗೆ ಹತ್ತಿಸಿ ಪೇಟೆಯ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದಳು.

ಎರಡು ಕಣ್ಣಿಗೂ ಪೊರೆ. ಮೊದಲು ಬಲಗಣ್ಣು, ಸ್ವಲ್ಪ ದಿನ ಬಿಟ್ಟು ಎಡಗಣ್ಣು ಅಂದರು ಡಾಕ್ಟರು.

ಬಲಗಣ್ಣಿನ ಪಟ್ಟಿ ತೆಗೆದ ದಿನ ಸಿಪ್ರಿಯಾನಾ ಮನೆಗೆ ಬಂದು ಮೊದಲು ನೋಡಿದ್ದು ಗೋಡೆ. ಹೊಗೆ ಹಿಡಿದು ಕಂದಾಗಿದೆ, ಸುಣ್ಣ ಹೊಡೆಸಬೇಕು ಅಂದುಕೊಂಡಿದ್ದ ಗೋಡೆ ಬೆಳ್ಳಗೆ ಇತ್ತು. ಕನ್ನಡಿಯಲ್ಲಿ ಒಬ್ಬ ಮುದುಕಿ ಇದ್ದಳು. ಅದಕ್ಕೆಲ್ಲ ಅವಳು ನಕ್ಕಳು. ಆಮೇಲೆ ನೂಲಿನ ಕೋಣೆಯ ಬಾಗಿಲು ತೆಗೆದಳು.

ಗೋಡೆಯ ಮೊಳೆಗಳಿಗೆ ನೇತುಬಿಟ್ಟಿದ್ದ ಲಡಿಗಳಲ್ಲಿ ನೀಲಿ ಇರಲಿಲ್ಲ. ಕಪ್ಪು ಇತ್ತು. ಬೆಳಕಿಗೆ ಹಿಡಿದರೆ ಮಾತ್ರ ಒಳಗೆಲ್ಲೋ ನೀಲಿ ಇತ್ತೆಂದು ತಿಳಿಯುವಂಥ ಕಪ್ಪು. ಪಕ್ಕದಲ್ಲಿ ಹಳದಿ ಕಣ್ಣಿಗೆ ರಾಚುತ್ತಿತ್ತು. ಮಗ್ಗದ ಮೇಲೆ ಅರ್ಧ ನೇಯ್ದ ಕಂಬಳಿ ಶವದ ಪೆಟ್ಟಿಗೆಗೆ ಹೊದಿಸುವ ಬಟ್ಟೆಯಂತೆ ಕಂಡಿತು. ಮುಂಜಾವಿನ ಆಕಾಶ ಅಂದುಕೊಂಡು ಅವಳು ನೇಯುತ್ತಿದ್ದ ಕಂಬಳಿ ಅದು. ಉಣ್ಣೆಯ ಮೂಟೆಯ ಮೇಲೆ ಕೂತಳು.

ಎಷ್ಟು ಕಂಬಳಿ ಹೀಗೆ ಹೋಗಿವೆ? ಮದುವೆಗೆ, ನಾಮಕರಣಕ್ಕೆ, ಚರ್ಚಿನ ಪಾದ್ರಿಗೆ. ಎಲ್ಲರೂ ಕೈಯಲ್ಲಿ ಹಿಡಿದು ಚೆನ್ನಾಗಿದೆ ಅಂದಿದ್ದರು. ಒಬ್ಬರಾದರೂ ಹೇಳಲಿಲ್ಲ.

ಭಾನುವಾರ ದೆಲುಬಿನಾ ಬೀನ್ಸಿನ ಪಾತ್ರೆ ಇಳಿಸುವ ಮೊದಲೇ ಸಿಪ್ರಿಯಾನಾ ಕೇಳಿದಳು. "ನಿನ್ನ ಕಣ್ಣು ಸರಿಯಾಗಿತ್ತಲ್ಲ. ಇದು ಕಪ್ಪು ಅಂತ ನಿನಗೆ ಕಾಣ್ತಾ ಇತ್ತಲ್ಲ."

ದೆಲುಬಿನಾ ಮಗ್ಗ ನೋಡಿದಳು, ಅತ್ತಿಗೆಯನ್ನು ನೋಡಿದಳು. "ಕಾಣ್ತಿತ್ತು."

"ಮತ್ತೆ ಬಾಯಲ್ಲಿ ಏನು ಇಟ್ಕೊಂಡಿದ್ದೆ?"

"ಅಣ್ಣ ಹೋದಮೇಲೆ ಶುರುವಾಯ್ತಲ್ಲ ಅತ್ತಿಗೆ, ದುಃಖ ಅಂದ್ಕೊಂಡ್ವಿ. ಬೇರೆಯವರು ಕಪ್ಪು ಬಟ್ಟೆ ಉಡ್ತಾರೆ, ಇವರು ಕಪ್ಪು ನೇಯ್ತಾರೆ ಅಂತ ಊರೆಲ್ಲ ಮಾತಾಡ್ಕೊಳ್ತಿತ್ತು. ಅದನ್ನ ಹೋಗಿ ಕೇಳೋದಾ? ಇಷ್ಟು ದುಃಖದಲ್ಲಿರೋರ ಮನೆಗೆ ಹರಟೆ ಹೊಡೆಯೋಕೆ ಹೋಗೋದು ಹೇಗೆ ಅಂತ ಜನ ಬರೋದೂ ಬಿಟ್ರು."

"ನಾನು ಆಕಾಶ ನೇಯ್ತಿದ್ದೆ ಕಣೇ."

"ನಮಗೆ ಹೇಗೆ ಗೊತ್ತಾಗ್ಬೇಕು?"

ದೆಲುಬಿನಾಳ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೊಸಿಲ ಮೇಲೆ ನಿಂತು ಬೂದಿ ಅಂತ ಕೂಗುವ ಒಬ್ಬನಿದ್ದ, ಅವನು ಹೋದ ಮೇಲೆ ತನ್ನನ್ನು ಹತ್ತಿರದಿಂದ ನೋಡಿದವರೇ ಇಲ್ಲ ಎಂಬುದು ಮಾತ್ರ ಅವಳಿಗೆ ಈಗ ನಿಚ್ಚಳವಾಗಿ ಕಂಡಿತು.

ಮರುವಾರ ಅವಳು ದೆಲುಬಿನಾಳ ಮಗಳು ರೋಸೆಂದಾಳ ಮನೆಗೆ ನಡೆದುಕೊಂಡು ಹೋದಳು. ರೋಸೆಂದಾಳ ಮದುವೆಗೆ ಕೊಟ್ಟ ಕಂಬಳಿಯೇ ಹಾಗೆ ಕಪ್ಪಾಗಿ ಹೋದವುಗಳಲ್ಲಿ ದೊಡ್ಡದು. ಒಂದು ಇಡೀ ಚಳಿಗಾಲ ನುಂಗಿದ್ದು.

"ಅದನ್ನ ನನಗೆ ಕೊಡು, ಬೇರೆ ನೇಯ್ದು ಕೊಡ್ತೀನಿ," ಅಂದಳು.

ಹುಡುಗಿ "ಬೇಡ ಅತ್ತೆ, ನನಗೆ ಅದೇ ಇಷ್ಟ" ಅನ್ನಬಹುದೆಂದು ಸಿಪ್ರಿಯಾನಾ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ರೋಸೆಂದಾ ಎದ್ದು ಹೋಗಿ ಪೆಟ್ಟಿಗೆಯ ತಳದಿಂದ ಕಂಬಳಿ ತೆಗೆದುಕೊಂಡು ಬಂದಳು. ಕೊಟ್ಟ ದಿನದ ಮಡಿಕೆ ಹಾಗೆಯೇ ಇತ್ತು.

"ಹಾಸಿಗೆ ಮೇಲೆ ಹಾಕೋಕೆ ಧೈರ್ಯ ಬರಲಿಲ್ಲ ಅತ್ತೆ. ಬೇಜಾರು ಮಾಡ್ಕೋಬೇಡಿ."

"ಇಲ್ಲಮ್ಮ. ನಿಜ ಹೇಳಿದೆಯಲ್ಲ."

ಕಂಬಳಿ ಹೆಗಲ ಮೇಲೆ ಹೊತ್ತು ಕಾಲುವೆಯ ದಾರಿಯಲ್ಲಿ ಹಿಂದಿರುಗಿದಳು. ಭಾರವಿತ್ತು. ಎರಡು ಕಡೆ ನಿಂತು ಸುಧಾರಿಸಿಕೊಂಡಳು. ಹೊಲದಲ್ಲಿ ಮೆಣಸಿನಗಿಡಕ್ಕೆ ನೀರು ಬಿಡುತ್ತಿದ್ದವರು ಟೋಪಿ ತೆಗೆದು ತಲೆ ಬಾಗಿಸಿದರು, ಹತ್ತಿರ ಬರಲಿಲ್ಲ.

ಮನೆಯಲ್ಲಿ ಕಂಬಳಿಯನ್ನು ಗೋಡೆಗೆ ಇಳಿಬಿಟ್ಟು ನೋಡುತ್ತಿರುವಾಗ ಬಲಗಣ್ಣಿನಲ್ಲಿ ನೀರು ತುಂಬಿ ಅವಳು ಅದನ್ನು ಅಂಗೈಯಿಂದ ಮುಚ್ಚಿಕೊಂಡಳು. ಪೊರೆ ತೆಗೆಯದ ಎಡಗಣ್ಣಿಗೆ ಕಂಬಳಿ ಬೇರೆಯಾಗಿ ಕಂಡಿತು. ಕಪ್ಪು ಕರಗಿ, ಮಂಜು ಹಾಯ್ದು, ಇನ್ನೂ ಸೂರ್ಯ ಹುಟ್ಟದ ಹೊತ್ತಿನ ತೆಳು ನೀಲಿಯಾಗಿತ್ತು. ಅಂಚಿನ ಹಳದಿ ಬೆಣ್ಣೆಯಷ್ಟು ಮೆದು. ಅವಳು ನೇಯ್ದದ್ದು ಇದನ್ನೇ. ಕೈ ತೆಗೆದಳು, ಕಪ್ಪು. ಮುಚ್ಚಿದಳು, ಆಕಾಶ. ತಾನು ಹುಚ್ಚಿಯಲ್ಲ, ಕೈಗೆ ವಯಸ್ಸಾಗಿಲ್ಲ ಎಂದು ಗೊತ್ತಾಗಿ ಸಮಾಧಾನವಾಯಿತು. ಇದನ್ನು ಇನ್ನೊಬ್ಬರಿಗೆ ತೋರಿಸುವ ದಾರಿಯೇ ಇಲ್ಲವಲ್ಲ ಎಂದು ಆಮೇಲೆ ಹೊಳೆಯಿತು. ದೆಲುಬಿನಾ ಯಾವ ಕಣ್ಣು ಮುಚ್ಚಿದರೂ ಅವಳಿಗೆ ಕಾಣುವುದು ಕಪ್ಪೇ.

ಎಡಗಣ್ಣಿಗೆ ಡಾಕ್ಟರಿಂದ ಕರೆ ಬಂದಾಗ ಅವಳು ಹೋಗಲಿಲ್ಲ. ನೆಗಡಿ ಅಂದಳು. ಮತ್ತೆ ಕರೆ ಬಂದಾಗ ಕಾಲುನೋವು ಅಂದಳು. ಬೇಸಿಗೆಯೆಲ್ಲ ಹಾಗೆಯೇ ಕಳೆಯಿತು. ಬಣ್ಣ ಅದ್ದುವಾಗ ಒಂದು ಕಣ್ಣು ಒಂದು ಹೇಳಿದರೆ ಇನ್ನೊಂದು ಬೇರೆಯೇ ಹೇಳುತ್ತಿತ್ತು, ತಲೆ ಸಿಡಿಯುತ್ತಿತ್ತು. ಕೊನೆಗೆ ತೊಟ್ಟಿಯ ಮುಂದೆ ನಿಲ್ಲಲು ದೆಲುಬಿನಾಳನ್ನು ಕರೆದಳು.

ದೆಲುಬಿನಾ ಪ್ರತಿ ಲಡಿಗೂ ಚೆನ್ನಾಗಿದೆ ಅಂದಳು.

"ಆ ಮಾತು ಬಿಟ್ಟು ಬೇರೆ ಏನಾದ್ರೂ ಹೇಳ್ತೀಯೇನು? ನಿಮ್ಮಣ್ಣನ ತಂಗಿ ತಾನೇ ನೀನು?"

ದೆಲುಬಿನಾ ಹಗ್ಗದ ಬಳಿ ಹೋಗಿ ಒದ್ದೆ ಲಡಿಯನ್ನು ಬಿಡಿಸಿ ನೋಡಿದಳು. ಅಳುಕುತ್ತಾ, "ಇಲ್ಲಿ ಮಧ್ಯ ಸರಿಯಾಗಿ ಹಿಡಿದಿಲ್ಲ. ಬೆಕ್ಕಿನ ಮೈ ಥರ ಪಟ್ಟೆಪಟ್ಟೆ," ಅಂದಳು.

ಸಿಪ್ರಿಯಾನಾ ಹತ್ತಿರ ಬಂದು ನೋಡಿದಳು. "ಹೌದು," ಅಂದಳು. ಅವಳ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಲಡಿಯನ್ನು ತೆಗೆದು ತೊಟ್ಟಿಗೆ ಇಳಿಸಿದಳು.

ಮೂರನೆಯ ಸಲ ಕರೆ ಬಂದಾಗ ಅವಳು ಹೂಂ ಅಂದಳು. ಎಡಗಣ್ಣಿನ ಪೊರೆ ತೆಗೆಸಲು ಪೇಟೆಗೆ ಹೊರಡುವ ಬೆಳಿಗ್ಗೆ, ದೆಲುಬಿನಾಳ ಕಾರು ಹೊರಗೆ ಹಾರ್ನ್ ಹೊಡೆಯುತ್ತಿರುವಾಗ, ಸಿಪ್ರಿಯಾನಾ ನೂಲಿನ ಕೋಣೆಗೆ ಹೋಗಿ ಬಲಗಣ್ಣು ಮುಚ್ಚಿ ಗೋಡೆಯ ಕಂಬಳಿಯ ಮುಂದೆ ನಿಂತಳು. ಇನ್ನೊಮ್ಮೆ ಹಾರ್ನ್ ಕೇಳಿಸಿತು. ಶಾಲು ಹೊದ್ದು ಹೊರಗೆ ಬಂದು ಕಾರು ಹತ್ತಿದಳು. ಏನು ಮಾಡ್ತಿದ್ರಿ ಇಷ್ಟು ಹೊತ್ತು ಎಂದು ದೆಲುಬಿನಾ ಕೇಳಿದ್ದಕ್ಕೆ ಒಲೆ ಆರಿಸ್ತಿದ್ದೆ ಅಂದಳು.

ಚಳಿಗಾಲದ ಹೊತ್ತಿಗೆ ರೋಸೆಂದಾಳ ಹೊಸ ಕಂಬಳಿಗೆ ಹಾಸಿನ ಎಳೆಗಳನ್ನು ಮಗ್ಗಕ್ಕೆ ಏರಿಸಿಯಾಗಿತ್ತು. ತಿಳಿ ನೀಲಿ, ಎಲ್ಲರಿಗೂ ನೀಲಿಯಾಗಿಯೇ ಕಾಣುವಂಥದು. ದೆಲುಬಿನಾ ಈಗ ವಾರದ ನಡುವೆಯೂ ಒಮ್ಮೊಮ್ಮೆ ಬರುತ್ತಾಳೆ, ಬಂದರೆ ತಪ್ಪು ಹುಡುಕುತ್ತಾಳೆ. ಹಿಮ ಬಿದ್ದು ದಾರಿ ಮುಚ್ಚಿದ ವಾರಗಳಲ್ಲಿ ಬರುವುದಿಲ್ಲ. ಹಳೆಯ ಕಂಬಳಿಯನ್ನು ಸಿಪ್ರಿಯಾನಾ ಬಿಚ್ಚಲಿಲ್ಲ, ಮತ್ತೆ ಬಣ್ಣಕ್ಕೂ ಹಾಕಲಿಲ್ಲ. ತನ್ನ ಹಾಸಿಗೆಯ ಮೇಲೆ ಹಾಸಿಕೊಂಡಿದ್ದಾಳೆ. ಉಣ್ಣೆ ಒಳ್ಳೆಯದು, ಬೆಚ್ಚಗಿರುತ್ತದೆ.