ಬೆಳ್ಳಗಾದ ಚೆನ್ನಿ

ಗೆಳೆಯರೇ, ಇವತ್ತು ನನ್ನ ಚೆನ್ನಿಯನ್ನು ಬೆಳ್ಳಗೆ ಮಾಡಿಬಿಟ್ಟರು.

ಚೆನ್ನಿ ನಾನು ಒಂಬತ್ತು ವರ್ಷಗಳಿಂದ ಬರೆಯುತ್ತಿರುವ ಕಾಮಿಕ್ಸ್‌ನ ನಾಯಕಿ. ಊರಿಗೆ ಊರೇ ನೀರಿನ ಮೇಲೆ ಬದುಕುವ ನೀರೂರಿನಲ್ಲಿ ದೋಣಿ ನಡೆಸಿ ಜನರನ್ನು ದಾಟಿಸುವವಳು. ಕಪ್ಪು ಬಣ್ಣ, ದಪ್ಪ ತೋಳು, ಮುರಿದ ಮುಂದಿನ ಹಲ್ಲು. ಲಂಡನ್ನಿನ ಹೌನ್ಸ್ಲೋದ ನಮ್ಮ ಕನ್ನಡ ಬಳಗದವರು ಮಕ್ಕಳಿಗೆ ಚಿತ್ರ ಕಲಿಸಲು ನನ್ನನ್ನು ಕರೆದಿದ್ದರು. ಹೋದರೆ ಹಾಲ್‌ನ ಬಾಗಿಲಲ್ಲೇ ಪೋಸ್ಟರ್. ನನ್ನ ಹೆಸರಿನ ಕೆಳಗೆ ಹಾಲುಬಣ್ಣದ, ಬಳುಕುವ ಸೊಂಟದ ಯಾರೋ ಹುಡುಗಿ ಹುಟ್ಟು ಹಿಡಿದು ನಗುತ್ತಿದ್ದಾಳೆ.

"ಆ್ಯಪಲ್ಲಿ ಸ್ವಲ್ಪ ಟಚಪ್ ಮಾಡ್ದೆ ಮೇಡಂ," ಎಂದರು ಬಳಗದ ಕಾರ್ಯದರ್ಶಿ, ನನ್ನ ಥ್ಯಾಂಕ್ಸ್‌ಗೆ ಕಾಯುತ್ತಾ.

"ದಿನವಿಡೀ ಬಿಸಿಲಲ್ಲಿ ದೋಣಿ ನಡ್ಸೋಳು ಸಾರ್ ಅವ್ಳು."

"ಹೇಗೂ ಕಾಲ್ಪನಿಕ ಲೋಕ ತಾನೇ? ಅಲ್ಲಿ ಬಿಸಿಲೇ ಇಲ್ಲ ಅಂತ ಬರೆದ್ಬಿಡಿ!"

ನಾನು ಪೋಸ್ಟರ್ ಕಿತ್ತು, ಅದರ ಹಿಂಬದಿಗೆ ದಪ್ಪ ಮಾರ್ಕರಿನಲ್ಲಿ ನನ್ನ ಚೆನ್ನಿಯನ್ನು ಬರೆದು ಅದೇ ಬಾಗಿಲಿಗೆ ಅಂಟಿಸಿದೆ. ಸಿಟ್ಟಿನಲ್ಲಿ ಬರೆದಿದ್ದರಿಂದ ದೋಣಿ ಸ್ವಲ್ಪ ವಾಲಿದೆ, ಕ್ಷಮಿಸಿ.

"ಮಕ್ಕಳು ಹೆದರ್ಕೋತಾರೆ ಮೇಡಂ," ಎಂದರು ಕಾರ್ಯದರ್ಶಿ, ಈಗ ಗಂಭೀರವಾಗಿ.

ಅವರ ಎಂಟು ವರ್ಷದ ಮಗಳು, ಅಪ್ಪನದೇ ಬಣ್ಣದವಳು, ಪಕ್ಕದಲ್ಲೇ ನಿಂತು ಎಲ್ಲವನ್ನೂ ನೋಡುತ್ತಿದ್ದಳು. "ಡ್ಯಾಡ್, ಶೀ ಈಸ್ ಬ್ರೌನ್ ಲೈಕ್ ಅಸ್. ವೈ ವುಡ್ ವಿ ಬಿ ಸ್ಕೇರ್ಡ್?" ಎಂದು ಕೇಳಿದಳು.

ಕಾರ್ಯದರ್ಶಿ ಗಡಿಯಾರ ನೋಡಿ, "ಟೀ ಆಯ್ತಾ ನೋಡ್ತೀನಿ," ಎಂದು ಅಡುಗೆಮನೆ ಕಡೆಗೆ ನಡೆದರು. ಟೀ ವಿರಾಮಕ್ಕೆ ಇನ್ನೂ ಒಂದೂವರೆ ಗಂಟೆ ಇತ್ತು.