ಭಾವನ ವಿಮಾನಕ್ಕೆ ಹೊಸ ಪಂಖಾ

ಹಾಲಿನ ಪಾಕೀಟನ್ನು ಬೆಳಕಿಗೆ ಹಿಡಿದು, ಅಂಚನ್ನು ಹೆಬ್ಬೆರಳಿನಿಂದ ಸವರಿ, ತಾರೀಖು ಓದಿದ ಮೇಲೆಯೇ ನಾನು ಅದನ್ನು ಅಡುಗೆಮನೆಯೊಳಗೆ ಬಿಡುವುದು. ಹಾಲು ಒಮ್ಮೆಯೂ ಕೆಟ್ಟಿಲ್ಲವಲ್ಲ ಎಂದು ಮನೆಯವರು ಹೇಳುತ್ತಾರೆ. ನಾನು ನೋಡುತ್ತೇನೆಂಬ ಭಯಕ್ಕೇ ಅದು ಕೆಟ್ಟಿಲ್ಲವೆಂಬುದು ನನ್ನ ವಾದ. ಗೆಳೆಯರೇ, ಪುಣೆಯ ಚಿಂಚವಡದ ಒಂದು ಕಾರ್ಖಾನೆಯ ತಪಾಸಣೆಯ ಮೇಜಿನ ಹಿಂದೆ ಜೀವಮಾನವಿಡೀ ಕೂತು, ಇತರರು ಶ್ರದ್ಧೆಯಿಂದ ಮಾಡಿದ ಬಿಡಿಭಾಗಗಳನ್ನು ಅಷ್ಟೇ ಶ್ರದ್ಧೆಯಿಂದ ತಿರಸ್ಕರಿಸಿ ಸಂಬಳ ಪಡೆದವನ ಸ್ವಭಾವ, ನಿವೃತ್ತಿಯ ದಿನ ಕೊರಳಿಗೆ ಹಾರ ಬಿದ್ದ ಮಾತ್ರಕ್ಕೆ ಬದಲಾಗುವುದಿಲ್ಲ. ಈ ಜಗತ್ತು ಮೂಲತಃ ಸಡಿಲವಾದದ್ದು, ಯಾರೋ ಒಬ್ಬರು ಆಗಾಗ ಅಲ್ಲಾಡಿಸಿ ನೋಡುವುದರಿಂದ ಬಿಗಿಯಾಗಿ ನಿಂತಿದೆ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೇನೆ.

ಇಂಥವನಿಗೆ ವಿಮಾನ ಕಟ್ಟುವ ಭಾವನನ್ನು ದಯಪಾಲಿಸಿದ ವಿಧಿಗೆ ಹಾಸ್ಯಪ್ರಜ್ಞೆ ಇದ್ದಿರಬೇಕು. ಸುಶೀಲಕ್ಕನ ಗಂಡ ಶ್ರೀಪಾದರಾಯರು ಅದೇ ಕಾರ್ಖಾನೆಯ ಯಂತ್ರ ರಿಪೇರಿ ವಿಭಾಗದಲ್ಲಿದ್ದವರು. ಇತರರು ಕಾತ್ರಜದ ಆಚೆ ಸೈಟು ಕೊಂಡು ಮನೆ ಕಟ್ಟಿಸುತ್ತಿದ್ದ ವಯಸ್ಸಿನಲ್ಲಿ ಅವರು ಹಾರಾಟದ ಲೈಸೆನ್ಸು ಪಡೆದು, ಊರಾಚೆಯ ಒಂದು ಚಿಕ್ಕ ರನ್‌ವೇ ಪಕ್ಕದ ತಗಡಿನ ಶೆಡ್ಡಿನಲ್ಲಿ ಒಂಬತ್ತು ವರ್ಷ ಕೂತು ಎರಡು ಆಸನಗಳ ವಿಮಾನವೊಂದನ್ನು ತಮ್ಮ ಕೈಯಾರೆ ಜೋಡಿಸಿದರು. ಅದು ಹಾರಿತು. ಅದರ ಬಗ್ಗೆ ನಾನು ಇಂದಿಗೂ ಪೂರ್ತಿ ಸಮಾಧಾನ ಹೊಂದಿಲ್ಲ.

ಹಾರಿತೆನ್ನುವುದೇನೋ ನಿಜ, ಆದರೆ ಒಬ್ಬರನ್ನು ಹೊತ್ತು. ಅದರ ಮೂತಿಗಿದ್ದ ಮರದ ಪ್ರೊಪೆಲ್ಲರು, ನಮ್ಮ ಮಾತಿನಲ್ಲಿ ಪಂಖಾ, ಒಂದೇ ಓರೆಗೆ ಕಡೆದದ್ದು. ಏರುವಾಗಲೂ ಅದೇ ಓರೆ, ಸಮವಾಗಿ ಸಾಗುವಾಗಲೂ ಅದೇ ಓರೆ. ಒಂದೇ ಗೇರಿನಲ್ಲಿ ಘಟ್ಟ ಹತ್ತಿದಂತೆ. ಪುಣೆಯ ಬಿಸಿಲಲ್ಲಿ ಇಬ್ಬರನ್ನು ಕೂರಿಸಿಕೊಂಡರೆ ಅದು ಏರಲು ಒಲ್ಲೆನೆಂದು ರನ್‌ವೇಯ ಕೊನೆಯವರೆಗೂ ಗೊಣಗುತ್ತಿತ್ತು. ಹೀಗಾಗಿ ಆ ಎರಡನೆಯ ಆಸನ, ಯಾರಿಗಾಗಿ ಅದನ್ನು ಹೊಲಿಸಿದ್ದರೋ ಆ ಅಕ್ಕನನ್ನು ಒಮ್ಮೆಯೂ ಕಾಣದೆ, ಒಂದು ನೀರಿನ ಬಾಟಲಿಯನ್ನು ಹೊತ್ತು ತಿರುಗಿತು. ಆದ್ದರಿಂದಲೇ ಭಾವ ಪಂಖಾ ಬದಲಿಸುವ ನಿರ್ಧಾರಕ್ಕೆ ಬಂದರು. ಹೊಸದರ ರೆಕ್ಕೆಗಳು ಎಂಜಿನ್ನಿನ ಎಣ್ಣೆಯ ಒತ್ತಡದಿಂದ ತಮ್ಮ ಓರೆಯನ್ನು ತಾವೇ ಬದಲಿಸಿಕೊಳ್ಳುತ್ತವೆ; ಏರಲಿ, ಇಳಿಯಲಿ, ಸುತ್ತುವ ವೇಗ ಮಾತ್ರ ಇಟ್ಟಲ್ಲಿ ಇರುತ್ತದೆ. ಇದನ್ನು ನೋಡಿಕೊಳ್ಳುವ ಉಪಕರಣಕ್ಕೆ ಗವರ್ನರ್ ಎಂದು ಹೆಸರು. ಪರಿಸ್ಥಿತಿಗೆ ತಕ್ಕಂತೆ ನಿಲುವು ಬದಲಿಸುತ್ತ ಎಲ್ಲವೂ ಸ್ಥಿರವಾಗಿದೆಯೆಂದು ತೋರಿಸುವ ಯಾವುದನ್ನೂ ನಾನು ಸುಲಭವಾಗಿ ನಂಬಿದವನಲ್ಲ.

ನಾನು ಸಂಶಯಗಳನ್ನು ಒಂದೊಂದಾಗಿ ಮಂಡಿಸಿದೆ. ಹೊಸ ಪಂಖಾ ವಿದೇಶದಿಂದ ಬಂದ ಪೆಟ್ಟಿಗೆಯ ಮೊಳೆಗಳು ಯಾರೋ ಬಿಚ್ಚಿ ಮತ್ತೆ ಹೊಡೆದಂತಿವೆ ಎಂದೆ, ಕಸ್ಟಮ್ಸಿನವರು ಬಿಚ್ಚಿದ್ದರಂತೆ. ಮೂತಿ ಭಾರವಾಗುತ್ತದೆ ಎಂದೆ. ಬ್ಯಾಟರಿಯನ್ನು ಹಿಂದಕ್ಕೆ ಸರಿಸಿ, ತೂಕವನ್ನು ಮತ್ತೆ ಲೆಕ್ಕ ಹಾಕಿ ಆಗಿತ್ತಂತೆ. ಎಣ್ಣೆಯ ಬಣ್ಣ ತಿಳಿಯಾಗಿದೆ ಎಂದಾಗ ಭಾವ ಬೋಲ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟರು.

"ವಾಸು, ಹೊಸಾ ಎಣ್ಣಿ ತಿಳೀನs ಇರ್ತದಪಾ. ನಿನ್ನ ಲಗ್ನದಾಗ ಹೆಣ್ಣಿನ್ನೂ ಹಿಂಗs ಬೆಳಕಿಗೆ ಹಿಡದು ನೋಡಿದ್ದೇನು?"

"ಅಂವಾ ನೋಡಿದ್ದ. ಅಕೀನೂ ನೋಡಬೇಕಿತ್ತು," ಎಂದಳು ಅಕ್ಕ.

ಅಂದಿನಿಂದ ನನ್ನ ಸಂಶಯಕ್ಕೆ ಆ ಶೆಡ್ಡಿನಲ್ಲಿ ಬೆಲೆಯಿಲ್ಲದಂತಾಯಿತು.

ಕೆಲಸ ಅರ್ಧಕ್ಕೆ ಬಂದಾಗ ಖಂಡೇನವಮಿ ಬಂತು. ನಮ್ಮ ಕಾರ್ಖಾನೆಯವರಿಗೆ ಅದು ದೊಡ್ಡ ಹಬ್ಬ. ಪಾನಾ, ಸುತ್ತಿಗೆ, ಅಳತೆಯ ಉಪಕರಣಗಳ ಜೊತೆಗೆ ಯಂತ್ರದಿಂದ ಹೊರಬಂದ ಹಳೆಯ ಭಾಗಗಳಿಗೂ ಒಂದು ತಾಟಿನಲ್ಲಿಟ್ಟು ಪೂಜೆ ಸಲ್ಲಬೇಕು, ದುಡಿದು ದಣಿದವು ಎಂದು. ಭಾವ ಮಾರ್ಕೆಟ್ ಯಾರ್ಡಿನಿಂದ ಚೆಂಡುಹೂ ತಂದಿದ್ದರು. ಮರದ ಪ್ರೊಪೆಲ್ಲರಿಗೆ ಮಾಲೆ ಬಿತ್ತು. ತಾಟಿನಲ್ಲಿ ಬೋಲ್ಟುಗಳ ನಡುವೆ ಎರಡು ಲೋಹದ ಬಿಲ್ಲೆಗಳು ಅರಿಷಿಣ ಕುಂಕುಮ ಧರಿಸಿ ಕೂತಿದ್ದವು. ಪಕ್ಕದಲ್ಲಿ ಕೆಲಸದ ವಹಿ, ಒಂದೊಂದು ಕೆಲಸದ ಎದುರಿಗೂ ಹೊಸ ಶಾಯಿಯ ಗುರುತು. ಇಷ್ಟು ಅಚ್ಚುಕಟ್ಟಾದ ವಹಿಯನ್ನು ನನ್ನ ಮೇಜು ಕಂಡಿರಲಿಲ್ಲ. ನಾನು ಮೆಚ್ಚಿ, ಕೈಮುಗಿದು, ಪ್ರಸಾದದ ಪೇಢೆ ತಿಂದೆ. ಗಮನಿಸಿ, ತಿನ್ನುವ ಮೊದಲು ಪೇಢೆಯನ್ನು ಮೂಸಿ ನೋಡಿದ್ದೆ, ವಹಿಯನ್ನು ನೋಡಲಿಲ್ಲ.

ಹಬ್ಬ ಕಳೆದು ಹೊಸ ಪಂಖಾ ಕೂತಿತು. ಚಕ್ರಗಳಿಗೆ ಅಡ್ಡ ಕೊಟ್ಟು ಭಾವ ಎಂಜಿನ್ ಶುರು ಮಾಡಿದರು. ಗವರ್ನರಿನ ನೀಲಿ ಗುಬುಟನ್ನು ಹೊರಕ್ಕೆಳೆದರೆ ಪಂಖಾದ ರೆಕ್ಕೆಗಳು ಓರೆಯಾಗಿ, ಗಾಳಿಯನ್ನು ದಪ್ಪವಾಗಿ ಕಚ್ಚಿ, ಸದ್ದು ಇಳಿಯಬೇಕು. ಇಳಿಯಿತು. ಎರಡನೆಯ ಸಲ ಸ್ವಲ್ಪ ಕಡಿಮೆ ಇಳಿಯಿತು. ಎಂಜಿನ್ ಕಾದಮೇಲೆ ಎಳೆದಾಗ, ಕರೆದರೂ ಏಳದ ಹುಡುಗನಂತೆ ಬರೀ ಮಗ್ಗುಲು ಬದಲಿಸಿತು.

"ಒಳಗ ಗಾಳಿ ಸಿಕ್ಕಿರ್ತದ. ಹೋಗ್ತದ ಬಿಡು. ಮೊದಲ ನಾ ಒಬ್ಬನs ಹಾರಿ ನೋಡ್ತೀನಿ, ದೀಪಾವಳಿ ಪಾಡ್ಯಾಕ್ಕ ನಿಮ್ಮಕ್ಕನ್ನ ಕೂಡಸ್ತೀನಿ," ಎಂದರು ಭಾವ.

ಗಾಳಿ ಸಿಕ್ಕಿದ್ದರೆ ಎಳೆದಂತೆಲ್ಲ ಸುಧಾರಿಸಬೇಕು. ಬಿಸಿಯಾಗಿ ಎಣ್ಣೆ ತೆಳುವಾದಷ್ಟೂ ಹದಗೆಡುವುದೆಂದರೆ, ಒಳಗೆಲ್ಲೋ ತೂತು ಇರಬೇಕು. ಆದರೆ ಇದನ್ನು ಹೇಳಲು ಯಾವ ಬಾಯಿ? ಎಣ್ಣೆಯ ಬಣ್ಣದ ಮೇಲೆ ವ್ಯರ್ಥ ಮಾಡಿದ ಬಾಯಿಯೇ ಅಲ್ಲವೇ ಇದು?

ಮೂಲೆಯಲ್ಲಿ ಪೂಜೆಯ ತಾಟು ಹಾಗೆಯೇ ಇತ್ತು. ನಾನು ಎರಡು ಬಿಲ್ಲೆಗಳನ್ನೂ ಎತ್ತಿಕೊಂಡೆ. ವಿಷಯ ಇಷ್ಟೇ: ಎಂಜಿನ್ನಿನ ದಂಡ ಟೊಳ್ಳಾದದ್ದು. ಹಳೆಯ ಪಂಖಾಕ್ಕೆ ಎಣ್ಣೆ ಬೇಡವಾದ್ದರಿಂದ ದಂಡದ ಬಾಯಿಗೊಂದು ಬಿಲ್ಲೆ ಬಡಿದಿರುತ್ತಾರೆ. ಒಳಗೆ ಒತ್ತಡ ಕೂಡದಿರಲೆಂದು ಹಿಂದೆ ಇನ್ನೊಂದು ತೂತಿನ ಬಿಲ್ಲೆ. ಹೊಸ ಪಂಖಾಕ್ಕೆ ಎಣ್ಣೆ ಬೇಕು. ಬಾಯಿಯ ಬಿಲ್ಲೆಯನ್ನು ತೂತು ಕೊರೆದು ಕೀಳಬೇಕು. ಒಳಗಿನದನ್ನು ತೆಗೆದು, ಎಣ್ಣೆ ಹಿಂದಕ್ಕೆ ಸೋರದಂತೆ ತೂತಿಲ್ಲದ ಹೊಸದನ್ನು ಕೂರಿಸಬೇಕು. ಅಂದರೆ ಹೊರಬಂದ ಎರಡರಲ್ಲೂ ತೂತಿರಬೇಕು. ಒಂದರ ಕುಂಕುಮ ಒರೆಸಿದೆ, ತೂತಿತ್ತು. ಇನ್ನೊಂದರದು ಒರೆಸಿದೆ. ಅಖಂಡವಾಗಿ, ಲಕಲಕನೆ ಹೊಳೆಯಿತು. ಎಂಜಿನ್ನಿನ ಹೊಟ್ಟೆಯಲ್ಲಿರಬೇಕಾದದ್ದು ದೇವರ ಮುಂದೆ ಕೂತು ಪೂಜೆ ಮಾಡಿಸಿಕೊಂಡಿತ್ತು.

ಭಾವನಿಗೆ ತೋರಿಸಿದೆ. ಅವರು ನೋಡಲಿಲ್ಲ. "ವಹಿಯೊಳಗ ಶಾಯಿ ಅದ. ಅದು ನನ್ನ ಕೈ. ನನ್ನ ಕೈಮ್ಯಾಲೂ ಸಂಶಯ ಏನು?" ಎಂದರು. ಗಟ್ಟಿಯಾಗಿ ಹೇಳಿದ್ದರೆ ಪರವಾಗಿರಲಿಲ್ಲ, ಮೆಲ್ಲಗೆ ಹೇಳಿದರು.

ಅಕ್ಕ ನನ್ನ ಅಂಗೈಯಿಂದ ಬಿಲ್ಲೆಯನ್ನು ತೆಗೆದುಕೊಂಡು ತಿರುಗಿಸಿ ನೋಡಿದಳು. "ಇಷ್ಟು ವರ್ಷ ಕಾದೀನಿ, ಇನ್ನೊಂದು ದಿನ ಕಾದ್ರ ಸಾಯೂದಿಲ್ಲ. ಬಿಚ್ರಿ," ಎಂದಳು.

ಬಿಚ್ಚಿದರು. ಭಾವ ಟಾರ್ಚ್ ಹಿಡಿದು ದಂಡದೊಳಗೆ ಇಣುಕಿದರು. ಒಳಗೆ ಹಳೆಯ ಬಿಲ್ಲೆ, ತನ್ನ ತೂತಿನ ಸಮೇತ, ನಿಶ್ಚಿಂತೆಯಿಂದಿತ್ತು. ಆಮೇಲೆ ಅವರು ನೆಲದ ಮೇಲೆ ಕೂತು ತಾವೇ ಹೇಳಿದರು. ನಮ್ಮ ಕಾರ್ಖಾನೆಯ ಪದ್ಧತಿಯಲ್ಲಿ ಸಾಮಾನು ಕೈಗೆ ಬಂದರೆ ವಹಿಯಲ್ಲಿ ಪೆನ್ಸಿಲ್ ಗುರುತು, ಕೆಲಸ ಮುಗಿದರೆ ಅದರ ಮೇಲೆ ಶಾಯಿ. ಹಬ್ಬದ ಮುಂಜಾನೆ, ಪೆನ್ಸಿಲ್ಲಿನ ವಹಿಯನ್ನು ದೇವರ ಮುಂದೆ ಹೇಗಿಡುವುದೆಂದು, ಎಲ್ಲ ಗುರುತುಗಳ ಮೇಲೂ ಅವರು ಭಕ್ತಿಯಿಂದ ಶಾಯಿ ಎಳೆದಿದ್ದರು. ಮೇಜಿನ ಮೇಲಿದ್ದ ಹೊಸ ಬಿಲ್ಲೆಯೂ ಕಿತ್ತ ಹಳೆಯದರ ಜೊತೆ ತಾಟಿಗೆ ಹೋಗಿತ್ತು. ಮಾರನೆಯ ದಿನ ವಹಿ ತೆರೆದಾಗ ತಮ್ಮ ಕೈಬರಹವನ್ನು ತಾವೇ ನಂಬಿದ್ದರು.

ನನಗೆ ಗೆದ್ದ ಖುಷಿಯಾಗಬೇಕಿತ್ತು. ಬದಲಿಗೆ ಆ ಪೇಢೆ ನೆನಪಾಯಿತು. ಆ ಶಾಯಿಯನ್ನು ನಾನೂ ನೋಡಿದ್ದೆನಲ್ಲ, ಅರ್ಧ ಕೆಲಸಕ್ಕೆ ಪೂರ್ತಿ ಶಾಯಿ ಹೇಗೆ ಬಂತೆಂದು ಕೇಳಲಿಲ್ಲವಲ್ಲ. ಜೀವಮಾನವಿಡೀ ಕೊಳಕಾದದ್ದನ್ನು, ಓರೆಯಾದದ್ದನ್ನು, ಅಂಚು ಹರಿದದ್ದನ್ನು ಶಂಕಿಸಿದೆ. ಅಚ್ಚುಕಟ್ಟಾದದ್ದು ಎದುರಿಗೆ ಬಂದಾಗ ಕೈಮುಗಿದೆ. ನನ್ನ ಸಂಶಯವೂ ಒಂದೇ ಓರೆಗೆ ಕಡೆದದ್ದು, ಗೆಳೆಯರೇ. ಎಲ್ಲ ಹವೆಯಲ್ಲೂ ಅದೇ ಸದ್ದು, ಬೇಕಾದ ಹೊತ್ತಿಗೆ ಎಳೆತವಿಲ್ಲ.

ಹೊಸ ಬಿಲ್ಲೆ ಒಳಗೆ ಹೋಯಿತು, ಇಬ್ಬರೂ ನೋಡಿದ ಮೇಲೆ ಶಾಯಿ ಬಿತ್ತು. ಬಿಸಿ ಎಂಜಿನ್ನಿನಲ್ಲಿ ಹತ್ತು ಸಲ ಎಳೆದರೂ ಸದ್ದು ಅಷ್ಟಕ್ಕಷ್ಟೇ ಇಳಿಯಿತು. ಭಾವ ಒಬ್ಬರೇ ದಿನಗಟ್ಟಲೆ ಹಾರಿದರು. ಪಾಡ್ಯ ಕಳೆದುಹೋಗಿ, ಚಳಿ ಬಿದ್ದ ಮೇಲೆ ಒಂದು ಮುಂಜಾನೆ ಅಕ್ಕ ಸೀರೆಯ ಮೇಲೆ ಸ್ವೆಟರ್ ತೊಟ್ಟು ಬಂದು, ಗಂಡ ಒಳಗೆ ಕೂತು ಕಾಯುತ್ತಿರಲು, ವಿಮಾನದ ರೆಕ್ಕೆಯ ಮೇಲೆ ಒಂದು ಕಾಲಿಟ್ಟು ನನ್ನತ್ತ ತಿರುಗಿದಳು.

"ವಾಸು, ಹತ್ತಲೇನೋ?"

ಭಾವ ಕಿಟಕಿಯಾಚೆ ನೋಡುತ್ತಿದ್ದರು, ಆದರೆ ಕಿವಿ ಇತ್ತಲೇ ಇತ್ತು. ಇಂಥ ಪ್ರಶ್ನೆಗೆ ಷರತ್ತಿಲ್ಲದೆ ನಾನು ಎಂದೂ ಉತ್ತರಿಸಿದವನಲ್ಲ.

"ಹತ್ತಕ್ಕಾ," ಎಂದೆ.

ಅವಳು ಮುಂದಿನ ಮಾತಿಗೆ ಕಾದಳು. "ಇಷ್ಟೇನಾ?"

"ಇಷ್ಟs."

"ಅಯ್ಯ, ನೀ ಹಿಂಗಂದ್ರ ಈಗ ನನಗs ಸಂಶಯ ಬರಾಕತ್ತದ ನೋಡು," ಎಂದು ಅಕ್ಕ ಸೀರೆಯ ನೆರಿಗೆ ಎತ್ತಿಕೊಂಡು ಹತ್ತಿ ಕೂತಳು.